ವ್ರೆದ್ನಾ ಎಂಬ ಮಾತು

ವಾಲ್ಯೆವೊ
೨೯ ಸೆಪ್ಟೆಂಬರ್ ೨೦೨೩, ಶುಕ್ರವಾರ

ನನ್ನ ರೊಸಾಂಡಕ್ಕನಿಗೆ,

ತಂಗಿ ದೊಬ್ರಿಲಾಳ ಅಕ್ಕರೆಯ ನಮಸ್ಕಾರ. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧವನ್ನು ನೀನೇ ಸೇರಿಸಿಕೊಳ್ಳುತ್ತೀಯ. ಅದಕ್ಕೇ ಈ ಕಾಗದ. ಗಾಬರಿಯಾಗಬೇಡ, ಎಲ್ಲ ಸರಿಹೋಗಿದೆ. ಸೊಸೆ ತಾಸ್ಯಾ ಮನೆಯಲ್ಲೇ ಇದ್ದಾಳೆ. ಎರಡು ದಿನದ ಹಿಂದೆ ಹೀಗೆ ಬರೆಯುತ್ತೇನೆಂಬ ಭರವಸೆ ನನಗಿರಲಿಲ್ಲ.

ಮಗ ವುಕಾಶಿನ್ ಈ ರಷ್ಯದ ಹುಡುಗಿಯನ್ನು ಮದುವೆಯಾಗಿ ಏಪ್ರಿಲ್‌ನಲ್ಲಿ ಕರೆತಂದದ್ದು ನಿನಗೆ ಗೊತ್ತು. ಅವನು ವಾರವಿಡೀ ಬೆಲ್‌ಗ್ರೇಡಿನಲ್ಲಿ ಸೇತುವೆ ಕಟ್ಟುತ್ತಾನೆ. ಮನೆಯಲ್ಲಿ ನಾವಿಬ್ಬರೇ. ಮೂವತ್ತನಾಲ್ಕು ವರ್ಷ ಒಂದನೇ ತರಗತಿಯ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದ ನನಗೆ ಒಬ್ಬ ಸೊಸೆಗೆ ಸರ್ಬಿಯನ್ ಕಲಿಸುವುದು ಯಾವ ದೊಡ್ಡ ವಿಷಯ ಅಂದುಕೊಂಡೆ. ಒಂದು ನೋಟ್‌ಬುಕ್ ಕೊಟ್ಟು ಶುರುಮಾಡಿದೆ. ನಮ್ಮ ಮೂವತ್ತು ಅಕ್ಷರಗಳಲ್ಲಿ ಅವಳಿಗೆ ಹೊಸವು ಆರೇ. ಆಡಿದಂತೆ ಬರೆಯಬೇಕು, ಬರೆದಂತೆ ಓದಬೇಕು ಅಂದಾಗ ಖುಷಿಪಟ್ಟಳು. ಗಟ್ಟಿ ‘ಚ’ ಮತ್ತು ಮೆತ್ತನೆ ‘ಚ’ ಎರಡನ್ನೂ ಬೇರೆ ಮಾಡಲು ಒಂದು ತಿಂಗಳು ಹಿಡಿಯಿತು. ಏಳು ವಿಭಕ್ತಿಗಳಲ್ಲಿ ಕರೆಯುವ ವಿಭಕ್ತಿಯೇ ಅವಳಿಗೆ ಒಗಟು. ಕೂಗುವಾಗ ಹೆಸರಿನ ಕೊನೆ ಬದಲಾಗುವುದು ಅವರಲ್ಲಿ ಈಗ ಇಲ್ಲವಂತೆ. ತಪ್ಪಾದೀತೆಂದು ನನ್ನನ್ನು ಕರೆಯುವುದನ್ನೇ ಬಿಟ್ಟಿದ್ದಳು. ಏನಾದರೂ ಬೇಕಾದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದಳು.

ಇಲ್ಲೊಂದು ನಿಜ ಹೇಳಬೇಕು. ನಾನು ಶಾಲೆಯಲ್ಲಿ ಐದು ವರ್ಷ ರಷ್ಯನ್ ಓದಿದವಳಲ್ಲವೇ? ಅದನ್ನು ಅವಳಿಂದ ಮುಚ್ಚಿಟ್ಟಿದ್ದೆ. ನಾನು ಅವಳ ಭಾಷೆ ಆಡಿದರೆ ಅವಳು ನಮ್ಮದನ್ನು ಕಲಿಯುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ನಿನ್ನ ಹತ್ತಿರ ಯಾವ ಸೋಗು? ಇಲ್ಲಿಗೆ ಬಂದವಳು ಅವಳು, ಬಗ್ಗಬೇಕಾದವಳೂ ಅವಳೇ ಎಂಬ ಬಿಗುಮಾನ ನನ್ನದು.

ಮಂಗಳವಾರ ಆಯ್ವಾರ್ ಮಾಡಲು ಕೂತೆವು. ಅಂಗಳದಲ್ಲಿ ಒಲೆ ಹೂಡಿ, ಮೂರು ಮೂಟೆ ಕೆಂಪು ಮೆಣಸಿನಕಾಯಿ ಸುಟ್ಟು, ಸಿಪ್ಪೆ ಸುಲಿದು, ರುಬ್ಬಿ, ಕಾಯಿಸಿ ಜಾಡಿಗೆ ತುಂಬುವಷ್ಟರಲ್ಲಿ ಸಂಜೆ. ಪಕ್ಕದ ಮನೆಯ ಸ್ತಾನಿಯಾ ಕೈಜೋಡಿಸಿದಳು. ತಾಸ್ಯಾ ಬೆರಳಿಗೆ ಬೊಬ್ಬೆ ಬಂದರೂ ಏಳಲಿಲ್ಲ. ನನಗೆ ಹೆಮ್ಮೆ ಉಕ್ಕಿತು. “ನೋಡೇ ಸ್ತಾನಿಯಾ, ನನ್ನ ಸೊಸೆ ಎಷ್ಟು ವ್ರೆದ್ನಾ!” ಅಂದೆ. ದುಡಿಮೆಗಾರ್ತಿ ಅಂತ ಹೊಗಳಿದೆ, ಅಷ್ಟೆ. ಬೀದಿಯಲ್ಲಿ ಹೋಗುವವರಿಗೂ ಬೇಲಿಯ ಮೇಲಿಂದ ಕೂಗಿ ಹೇಳಿದೆ. ನಾನು ಹೇಳಿದಷ್ಟೂ ಅವಳು ತಲೆ ತಗ್ಗಿಸಿ ಇನ್ನೂ ಜೋರಾಗಿ ಸುಲಿದಳು.

“ಏನೇ ದೊಬ್ರಿಲಾ, ಹೊಗಳಿದ್ರೂ ನಿನ್ನ ಸೊಸೆ ಮುಖ ಹರಳೆಣ್ಣೆ ಕುಡಿದಂಗಿದೆಯಲ್ಲೇ” ಅಂದಳು ಸ್ತಾನಿಯಾ.

“ಹೊಗೆ ಕಣೇ, ಹೊಗೆ” ಅಂದೆ ನಾನು.

ಬುಧವಾರ ಬೆಳಿಗ್ಗೆ ಎದ್ದಾಗ ಅವಳ ಹಾಸಿಗೆ ಮಡಿಸಿಟ್ಟಿತ್ತು, ಪೆಟ್ಟಿಗೆ ಇರಲಿಲ್ಲ. ಕಾಫಿ ಪಾತ್ರೆಯ ಕೆಳಗೆ ನೋಟ್‌ಬುಕ್ಕಿನ ಹಾಳೆ: “ನಾನು ಹಗಲು ಪೂರ್ತಿ ಕೆಲಸ. ಆದರೂ ನಾನು ವ್ರೆದ್ನಾ. ಎಲ್ಲರ ಮುಂದೆ. ನಾನು ಹೋಗುತ್ತೇನೆ. ವುಕಾಶಿನ್ ಬೈಯಬೇಡಿ.” ಅಕ್ಷರದಲ್ಲಿ ಒಂದೂ ತಪ್ಪಿರಲಿಲ್ಲ ಅಕ್ಕ. ಆ ಹೊತ್ತಿನಲ್ಲೂ ನನ್ನ ಕಣ್ಣು ಅದನ್ನೇ ನೋಡಿತು.

ಬಸ್ ನಿಲ್ದಾಣಕ್ಕೆ ಓಡಿದೆ. ಬೆಲ್‌ಗ್ರೇಡಿನ ಬಸ್ಸು ನಿಂತಿತ್ತು, ಅವಳು ಪೆಟ್ಟಿಗೆಯ ಮೇಲೆ ಕೂತಿದ್ದಳು.

“ಯಾಕಮ್ಮಾ? ಹೊಗಳಿದ್ದಕ್ಕೆ ಮನೆ ಬಿಡ್ತಾರಾ ಯಾರಾದ್ರೂ?” ಅಂದೆ.

ಅವಳು ಪಕ್ಕದಲ್ಲಿ ನಿಂತಿದ್ದ ಡ್ರೈವರನ ಕೈಯ ಸಿಗರೇಟನ್ನು ತೋರಿಸಿ, “ಅದು ವ್ರೆದ್ನಾ. ಎದೆ ಸುಡುತ್ತೆ, ಜನ ಸಾಯ್ತಾರೆ. ನಾನೂ ಹಾಗಾ?” ಅಂದಳು.

ಐವತ್ತು ವರ್ಷದ ಹಿಂದೆ ಶಾಲೆಯಲ್ಲಿ ಓದಿ ಮರೆತದ್ದು ಆಗ ನೆನಪಿಗೆ ಬಂತು. ರಷ್ಯನ್‌ನಲ್ಲಿ ಆ ಮಾತಿಗೆ ಹಾನಿ, ಕೇಡು ಎಂದರ್ಥ! ಇಡೀ ದಿನ ನಾನು ಊರಿಗೆಲ್ಲ ಕೇಳುವಂತೆ ನನ್ನ ಸೊಸೆಯನ್ನು ಕೇಡಿಗಿತ್ತಿ ಎಂದು ಸಾರಿದ್ದೆ. ಹೇಗೆ ಬಿಡಿಸಿ ಹೇಳಲಿ? ಸರ್ಬಿಯನ್‌ನಲ್ಲಿ ಹೇಳಿದಷ್ಟೂ ಗಂಟು ಬಿಗಿಯುತ್ತಿತ್ತು. ಬಾಯಿಬಿಟ್ಟು ರಷ್ಯನ್ ಆಡಿದೆ. ನಮ್ಮಲ್ಲಿ ಅದು ಒಳ್ಳೆಯ ಮಾತು, ಕೈ ಸುಮ್ಮನಿರದವಳು ಎಂದರ್ಥ, ನನಗೆ ನಿನ್ನ ಭಾಷೆ ಬರುತ್ತಿತ್ತು, ಬೇಕೆಂದೇ ಆಡಲಿಲ್ಲ, ಕ್ಷಮಿಸು ಎಂದೆ. ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು.

ಬಸ್ಸು ಹೊರಟಿತು. ಮಧ್ಯಾಹ್ನದ ಹೊತ್ತಿಗೆ ನಾವಿಬ್ಬರೂ ಮನೆಯಲ್ಲಿದ್ದೆವು. ಅಂದು ನಾನು ಊಟ ಮಾಡಿ ಮಲಗಿದವಳು ಸಂಜೆಯವರೆಗೆ ಏಳಲಿಲ್ಲ. ಎಷ್ಟು ದಿನದಿಂದ ಹಾಗೆ ನಿದ್ದೆ ಬಂದಿರಲಿಲ್ಲ ಗೊತ್ತಾ? ಈಗ ಬೆಳಿಗ್ಗೆ ಅವಳು ಸರ್ಬಿಯನ್ ಆಡುತ್ತಾಳೆ, ಸಂಜೆ ನಾನು ರಷ್ಯನ್ ಆಡುತ್ತೇನೆ. ಇಂದು ವುಕಾಶಿನ್ ಬರುತ್ತಾನೆ, ಕೇಳಿ ಬೆಚ್ಚಿಬೀಳಲಿ.

ಎರಡು ಜಾಡಿ ಆಯ್ವಾರ್ ನಿನಗಾಗಿ ಎತ್ತಿಟ್ಟಿದ್ದೇನೆ. ಮಂಡಿನೋವಿಗೆ ಮುಲಾಮು ಹಚ್ಚಿಕೊ, ಉದಾಸೀನ ಮಾಡಬೇಡ.

ನಿನ್ನ
ದೊಬ್ರಿಲಾ

ಮರೆತ ಮಾತು: ಕಾಗದದ ಕೆಳಗೆ ಎರಡು ಸಾಲು ಬರೆದು ಅಭ್ಯಾಸ ಮಾಡು ಎಂದು ತಾಸ್ಯಾಳ ಕೈಗೆ ಕೊಡುತ್ತಿದ್ದೇನೆ. ನಾನು ತಿದ್ದುವುದಿಲ್ಲ. ಲಕೋಟೆ ಅಂಟಿಸುವವಳೂ ಅವಳೇ.

ನಮಸ್ಕಾರ ರೊಸಾಂಡಾ ದೊಡ್ಡಮ್ಮ. ಅತ್ತೆ ಬರೆದದ್ದು ಓದಿದೆ. ಸ್ವಲ್ಪ ಬಿಟ್ಟಿದ್ದಾರೆ. ಬಸ್ಸು ಹೊರಟಾಗ ನಾವು ಇಬ್ಬರೂ ಒಳಗೆ ಇದ್ದೆವು. ನಾನು ಹತ್ತಿದೆ, ಅತ್ತೆ ಹಿಂದೆ ಹತ್ತಿದರು. ನೀನು ಇಳಿಯುವವರೆಗೆ ನಾನು ಇಳಿಯುವುದಿಲ್ಲ ಎಂದರು. ಕಾಲಿನಲ್ಲಿ ಮನೆಯ ಚಪ್ಪಲಿ. ಉಬ್ ಊರು ಬರುವವರೆಗೆ ಎಲ್ಲರ ಮುಂದೆ ಅತ್ತೆ ಅತ್ತರು. ನಾನು ಉಬ್ ಊರಿನಲ್ಲಿ ಇಳಿದೆ. ಇದು ಬರೆಯಬೇಡ ಎಂದರು. ಬರೆದೆ.
ತಾಸ್ಯಾ