ಡ್ರಮ್ಮಿನವನಿಗೆ ತಂದ ಶಲ್ಯ

ಸಿಂಧನೂರು
ಭಾನುವಾರ ಮುಂಜಾನೆ

ಅಪ್ಪಾ,

ನಾನು, ಅವ್ವ ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಕ್ಷೇಮ ಕೇಳುವ ಸಾಲನ್ನು ಬಿಟ್ಟುಬಿಡುತ್ತೇನೆ. ನೀನು ತೀರಿಕೊಂಡು ವರ್ಷ ತುಂಬುತ್ತ ಬಂತು, ಕೇಳಿದರೂ ಉತ್ತರ ಬರುವುದಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನೆ ಲಿಂಗಸುಗೂರಿನಲ್ಲಿ ಒಂದು ರಾಕ್ ಬ್ಯಾಂಡ್ ಕೇಳಿ ಬಂದೆ. ಇಂಥ ಕಾರ್ಯಕ್ರಮದಿಂದ ನಾನು ಮನೆಗೆ ಬಂದಾಗಲೆಲ್ಲ, ಚಪ್ಪಲಿ ಬಿಡುವುದಕ್ಕೂ ಪುರುಸೊತ್ತು ಕೊಡದೆ "ತಾಳ ಹ್ಯಾಂಗಿತ್ತು ಬೇ?" ಎಂದು ಕೇಳುತ್ತಿದ್ದವನು ನೀನು. ನಿನ್ನೆ ಯಾರೂ ಕೇಳಲಿಲ್ಲ.

ಮೊದಲ ಸಲ ಹೈದರಾಬಾದಿಗೆ ಹೊರಟಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಕ್ಯಾಸೆಟ್ಟಿನಲ್ಲಿ ಕೇಳಿದ್ದ ಗಿಟಾರನ್ನು ಒಮ್ಮೆ ಎದುರಿಗೇ ಕೇಳಬೇಕೆಂದು ಹಟ ಹಿಡಿದು ಊಟ ಬಿಟ್ಟಿದ್ದೆ. ಮಸ್ಕಿಯ ನಮ್ಮ ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗುತ್ತಿದ್ದ ನೀನು ತಲೆ ಎತ್ತದೆಯೇ, "ಒಬ್ಬಾಕೀನ ಹ್ಯಾಂಗ ಕಳಸ್ಲಿ? ನಾನೂ ಬರ್ತೀನಿ, ನಡಿ" ಅಂದೆ. ಅವ್ವ ನಿನ್ನ ಕಿಸೆಗೆ ಅರಳೆಯ ಉಂಡೆ ತುರುಕಿದಳು. "ಕಿವ್ಯಾಗ ಇಟ್ಕೋರಿ. ಅಪ್ಪಗ ಮಗಳಿಗೆ ಇಬ್ರಿಗೂ ತಲಿ ಕೆಟ್ಟೈತಿ" ಎಂದು ಬೈದಳು.

ಕಪ್ಪು ಅಂಗಿ, ಉದ್ದ ಕೂದಲಿನ ಹುಡುಗರ ಸಾಲಿನಲ್ಲಿ ಧೋತರ, ಬಿಳಿ ಟೋಪಿ, ಹಣೆ ತುಂಬ ವಿಭೂತಿಯ ನೀನು. ಗೇಟಿನ ಕಾವಲಿನವನು ನಿನ್ನ ಕಿಸೆಯಿಂದ ವಿಭೂತಿ ಗಟ್ಟಿ ತೆಗೆದು, ಮೂಸಿ, "ಯೇ ಕ್ಯಾ ಹೈ ಚಾಚಾ?" ಅಂದ. ನೀನು ಅದನ್ನು ಬೆರಳಿಗೆ ತೀಡಿಕೊಂಡು ಅವನ ಹಣೆಗೇ ಹಚ್ಚಿಬಿಟ್ಟೆ. ಅವನು ನಕ್ಕು, ಕೈ ಮುಗಿದು ಒಳಗೆ ಬಿಟ್ಟ. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಎರಡನೆಯ ಹಾಡಿಗೆ ತಿರುಗಿ ನೋಡಿದರೆ ನಿನ್ನ ಕಿವಿಯಲ್ಲಿ ಅರಳೆ ಇರಲಿಲ್ಲ. ನೀನು ಕಣ್ಣು ಮುಚ್ಚಿದ್ದೆ. ಮಸ್ಕಿಯ ಭಜನಾ ಸಂಘದಲ್ಲಿ ತಾಳ ಹಾಕಿ ಪಳಗಿದ ಕೈ ತೊಡೆಯ ಮೇಲೆ ತಾನೇ ಬೀಳುತ್ತಿತ್ತು. ಮರಳುವಾಗ ಬಸ್ಸಿನಲ್ಲಿ ನೀನು ಹೇಳಿದೆ: "ಮಾತು ಒಂದೂ ತಿಳೀಲಿಲ್ಲ. ಆದ್ರ ಕಡೀ ನುಡಿಗೆ ನಮ್ಮ ಭಜನಿಯವ್ರೂ ತಾಳ ಹಿಂಗ ಏರಸ್ತಾರ ನೋಡು. ಕುದುರಿ ಬಿಟ್ಟಂಗ."

ಆಮೇಲೆ ನನ್ನನ್ನು ಕಾಯಲು ಬರುವ ನೆಪ ನಿನಗೆ ಬೇಕಾಗಲಿಲ್ಲ. ನನಗೆ ಸಿಂಧನೂರಿನಲ್ಲಿ ನೌಕರಿಯಾದ ಮೇಲಂತೂ ನೀನೇ ಫೋನು ಮಾಡಿ "ಎಲ್ಲಿ ಬಾರಸಾಕತ್ತಾರ ಈ ಸಲ?" ಎಂದು ಕೇಳುತ್ತಿದ್ದೆ. ಒಂದೇ ಕೊರಗು ನಿನಗೆ. ಇಷ್ಟು ಜನ ಕುಣಿಯುತ್ತಾರೆ, ಕೂಗುತ್ತಾರೆ, ಯಾರೂ ಎದ್ದು ಹೋಗಿ ಆಯೇರಿ ಮಾಡುವುದಿಲ್ಲವಲ್ಲ! ನಮ್ಮ ಕಡೆಯ ಭಜನೆಯಲ್ಲಿ ಮನಸ್ಸು ತುಂಬಿದವರು ಎದ್ದು ಹೋಗಿ ನುಡಿಸಿದವರ ಹೆಗಲಿಗೆ ಹೊಸ ಶಲ್ಯ ಹಾಕುತ್ತಾರೆ, ಕೊಟ್ಟವರ ಹೆಸರು, ಊರು ಮೈಕಿನಲ್ಲಿ ಕೂಗುತ್ತಾರೆ. ನಿನಗೆ ಹೆಸರು ಕೂಗಿಸಿಕೊಳ್ಳುವ ಆಸೆ ಎಂದು ನಾನು ಕಾಡಿಸಿದರೆ ನೀನು, "ಹೆಸರು ನನಗಲ್ಲ ನಮ್ಮವ್ವಾ. ಯಾರ ಎದಿಗೆ ಮುಟ್ಟೈತಿ ಅಂತ ಬಾರಸಿದವಗ ಗೊತ್ತಾಗಬೇಕಲ್ಲ" ಅಂದಿದ್ದೆ.

ಬೆಂಗಳೂರಿನ ಕಾರ್ಯಕ್ರಮದ ಆ ಸಂಜೆಗೆ ನೀನು ಶಲ್ಯ ಒಯ್ದದ್ದು ನನಗೆ ಗೊತ್ತಿರಲಿಲ್ಲ. ಸಿಂಧನೂರಿನ ಅಂಗಡಿಯಲ್ಲಿ ಆರಿಸಿ ತಂದ ಬಿಳಿಯದು, ಹಸಿರು ಅಂಚಿನದು. ಆ ಬ್ಯಾಂಡಿನ ಡ್ರಮ್ಮಿನವನಿಗೆ ನಿನ್ನದೇ ವಯಸ್ಸು, ನಿನ್ನಂತೆಯೇ ಬೆಳ್ಳಗಾದ ತಲೆ. ಉಳಿದವರೆಲ್ಲ ಸುಮ್ಮನಾಗಿ ಅವನೊಬ್ಬನೇ ಬಾರಿಸಿದಾಗ ನಿನ್ನ ಕೆನ್ನೆ ತೊಯ್ದಿತ್ತು. ಹಾಡು ಮುಗಿದದ್ದೇ ತಡ, ನೀನು ಶಲ್ಯವನ್ನು ಎರಡೂ ಅಂಗೈ ಮೇಲೆ ಹರಡಿಕೊಂಡು, ಕಬ್ಬಿಣದ ಅಡ್ಡಕಂಬಿಯ ಕೆಳಗೆ ಬಗ್ಗಿ, ವೇದಿಕೆಯ ಕಡೆಗೆ ನಡೆದೇಬಿಟ್ಟೆ. ನಮ್ಮೂರಿನಲ್ಲಿ ನಡೆದ ಹಾಗೆಯೇ, ಮೆಲ್ಲಗೆ.

ಕಪ್ಪು ಟೀ ಶರ್ಟಿನ ದಾಂಡಿಗನೊಬ್ಬ ನಿನ್ನ ಎದೆಗೆ ಕೈ ಹಚ್ಚಿ ನೂಕಿದ. ನೀನು ಕೆಸರಿನಲ್ಲಿ ಬಿದ್ದೆ. ಟೋಪಿ ಉರುಳಿತು. ಸುತ್ತಲಿನವರು ಮೊದಲು ನಕ್ಕರು, ಆಮೇಲೆ ಫೋನು ಎತ್ತಿದರು. ಆ ಎರಡು ಅಂಗೈ ಮೇಲೆ ಏನಿದೆ ಎಂದು ಒಬ್ಬರೂ ನೋಡಲಿಲ್ಲ. ಡ್ರಮ್ಮಿನವನು ಆಗ ನಮಗೆ ಬೆನ್ನು ಹಾಕಿ ನೀರು ಕುಡಿಯುತ್ತಿದ್ದ. ಅವನಿಗೆ ಇಂದಿಗೂ ಗೊತ್ತಿಲ್ಲ.

ಅಪ್ಪಾ, ನೀನು ಮರೆತೆ ಅನ್ನುತ್ತಿದ್ದೆ. ನಾನು ಮರೆತಿಲ್ಲ. ಅರ್ಧ ತಾಸು ಮುಂಚೆಯಷ್ಟೇ, ಕಾರ್ಯಕ್ರಮಕ್ಕೆ ಹಣ ಹಾಕಿದ ಕಂಪನಿಯ ದೊಡ್ಡವರು, ಅವರ ಹೆಂಡಿರು ಮಕ್ಕಳು ಅದೇ ವೇದಿಕೆ ಹತ್ತಿ, ಗಿಟಾರು ಮುಟ್ಟಿ ಫೋಟೋ ತೆಗೆಸಿಕೊಂಡಿದ್ದರು. ಅವರ ಎದೆಗೆ ಯಾರ ಕೈಯೂ ಹೋಗಲಿಲ್ಲ. ನಾನು ಸಂಘಟಕರಿಗೆ ಬರೆದೆ. ನಿಯಮಗಳು ಟಿಕೆಟ್ಟಿನ ಹಿಂದೆಯೇ ಇವೆ ಎಂದು ಉತ್ತರ ಬಂತು. ತಿರುವಿ ಓದಿದೆ. ನೀರಿನ ಬಾಟಲಿ, ಛತ್ರಿ, ಕ್ಯಾಮೆರಾ ಎಲ್ಲದಕ್ಕೂ ನಿಯಮವಿತ್ತು. ಮನಸ್ಸು ತುಂಬಿ ಬಂದ ಮನುಷ್ಯ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಇರಲಿಲ್ಲ. ಪತ್ರಿಕೆಗೂ ಬರೆದೆ. ನೀನು, "ಬಿಡವ್ವಾ, ಅವಂದೇನು ತಪ್ಪೈತಿ, ಅವನ ನೌಕರಿ ಅದು" ಅಂದೆ. ಆದರೆ ಅಂದು ಊರಿಗೆ ಬರುವ ಬಸ್ಸಿನಲ್ಲಿ, ಬೆಳಗಾಗುವ ಹೊತ್ತಿಗೆ, ಕಿಟಕಿಯ ಕಡೆ ಮುಖ ಮಾಡಿ ನೀನೇ ಕೇಳಿದ್ದೆ: "ನಮ್ಮಲ್ಲಿ ಎದ್ದು ಬಂದವಗ ದಾರಿ ಬಿಡ್ತಾರ. ಅಲ್ಲಿ ಯಾಕ ಬಿಡಲಿಲ್ಲ ಬೇ?"



ಆಮೇಲೆ ನೀನು ಬರಲಿಲ್ಲ. ಮೊಣಕಾಲು ನೋವು ಅಂದೆ, ಅಂಗಡಿ ಅಂದೆ. "ನೀ ಹೋಗಿ ಬಾ, ಬಂದು ಹೇಳು" ಅಂದೆ. ನಾನು ಹೋಗಿ ಬಂದು ಹೇಳಿದೆ. ನನ್ನ ಬಾಯಲ್ಲಿ ಡ್ರಮ್ಮು ಡ್ರಮ್ಮಿನಂತೆ ಕೇಳುತ್ತಿರಲಿಲ್ಲ, ಆದರೂ ನೀನು ಪೂರ್ತಿ ಕೇಳುತ್ತಿದ್ದೆ. ನಿನ್ನನ್ನು ಮಣ್ಣು ಮಾಡಿದ ದಿನ ಭಜನೆಯವರೆಲ್ಲ ಬಂದಿದ್ದರು. ತಬಲಾದ ಬುಡ್ಡೇಸಾಬ್ ಕಾಕಾ ಎರಡು ಪದ ಬಾರಿಸಿ ಕೈ ಎತ್ತಿಬಿಟ್ಟ. "ಅಮರಗುಂಡಪ್ಪನ ತಾಳ ಇಲ್ದ ನನ್ನ ಕೈ ಹಾದಿ ತಪ್ಪಾಕತ್ತೈತ್ರವ್ವಾ" ಅಂದ.

ಅವ್ವ ಆ ಶಲ್ಯವನ್ನು ಎಷ್ಟು ಸಲ ಒಗೆದರೂ ಅಂಚಿನ ಕೆಸರಿನ ಕಲೆ ಹೋಗಿಲ್ಲ. ಮಡಚಿ ಟ್ರಂಕಿನಲ್ಲಿಟ್ಟಿದ್ದಳು. ನಿನ್ನೆ ನಾನು ಹೊರಟಾಗ ತಾನೇ ತೆಗೆದು ನನ್ನ ಚೀಲಕ್ಕೆ ಹಾಕಿದಳು. "ಇಲ್ಲಿದ್ದು ಏನ್ ಮಾಡ್ತೈತಿ ಇದು" ಎಂದಷ್ಟೇ ಹೇಳಿದಳು.

ಲಿಂಗಸುಗೂರಿನ ಕಾರ್ಯಕ್ರಮ ದೊಡ್ಡದಲ್ಲ. ಕಾಲೇಜಿನ ಮೈದಾನ, ಬಾಡಿಗೆಯ ಕುರ್ಚಿ, ಅರ್ಧ ಖಾಲಿ. ನಮ್ಮ ಸುತ್ತಲಿನ ಹುಡುಗರದೇ ಬ್ಯಾಂಡು. ಡ್ರಮ್ಮಿಗೆ ಕೂತವಳು ಗುರುಗುಂಟಾದ ಮೌನೇಶ್ವರಿ ಎಂಬ ಹುಡುಗಿ. ಗಿಟಾರು ಎರಡು ಸಲ ತಪ್ಪಿತು, ಮೈಕು ಚೀರಿತು. ಅವಳು ಮಾತ್ರ ಕೈ ಬಿಡಲಿಲ್ಲ. ಕೊನೆಯ ಹಾಡನ್ನು ಏರಿಸಿದಳು ನೋಡು ಅಪ್ಪಾ, ಕುದುರಿ ಬಿಟ್ಟಂಗ.

ನಾನು ಎದ್ದೆ. ಚೀಲದಿಂದ ಶಲ್ಯ ತೆಗೆದೆ. ವೇದಿಕೆಯ ಮುಂದೆ ಹಗ್ಗ ಕಟ್ಟಿದ್ದರು. ಅಲ್ಲಿ ನಿಂತಿದ್ದವನು ನನ್ನ ಕೈಯಲ್ಲಿನ ಶಲ್ಯ ನೋಡಿದ, ಹಗ್ಗ ಎತ್ತಿ ಹಿಡಿದ. "ಹೋಗ್ರಿ ಅಕ್ಕಾ, ಮೆಟ್ಟಲಾ ಅಲ್ಲಿ ಅದಾವ" ಅಂದ. ಅಷ್ಟೇ. ಅಷ್ಟೇ ಆಗಬೇಕಿತ್ತು ಅಂದೂ.

ಕಲೆಯ ಅಂಚು ಒಳಗೆ ಬರುವಂತೆ ಮಡಚಿ ಆ ಹುಡುಗಿಯ ಹೆಗಲಿಗೆ ಹಾಕಿದೆ. ಅವಳು ಬೆವರು ಒರೆಸಿಕೊಂಡು, ಬಗ್ಗಿ ಕಾಲು ಮುಟ್ಟಿ, "ಯಾರ ಹೆಸರ್ಲೆ ರೀ ಆಯೇರಿ?" ಎಂದು ಕೇಳಿದಳು. ನಿನ್ನ ಹೆಸರು, ಊರು ಹೇಳಿದೆ. ನೀನು ತೀರಿಕೊಂಡದ್ದನ್ನು ಹೇಳದೆ ಮೆಟ್ಟಿಲು ಇಳಿದೆ.

ಹಾಡುತ್ತಿದ್ದ ಪವನ ಎಂಬ ಹುಡುಗ ಮೈಕು ತಗೊಂಡು ಗಟ್ಟಿಯಾಗಿ ಕೂಗಿದ: "ಮಸ್ಕಿ ಅಮರಗುಂಡಪ್ಪನೋರು ನಮ್ಮ ಮೌನೇಶ್ವರಿಗೆ ಶಲ್ಯ ಆಯೇರಿ ಮಾಡ್ಯಾರ! ಎಲ್ಲಿ ಕುಂತೀರಿ ರೀ ಅಮರಗುಂಡಪ್ಪನೋರ? ಒಮ್ಮಿ ಎದ್ದು ನಿಲ್ರಿ, ನೋಡ್ತೀವಿ!"

ಮೈದಾನದ ಜನರೆಲ್ಲ ಕುರ್ಚಿಯಲ್ಲೇ ತಿರುಗಿ ಹಿಂದೆ ನೋಡಿದರು. ನಾನೂ ನೋಡಿದೆ.

ತಾಳ ಚೆನ್ನಾಗಿತ್ತು ಅಪ್ಪಾ. ಯಾರ ಎದೆಗೆ ಮುಟ್ಟಿತು ಎಂದು ಬಾರಿಸಿದವಳಿಗೆ ಗೊತ್ತಾಗಿದೆ. ನೀನಿರುವಲ್ಲಿ, ಎದ್ದು ಬಂದವರಿಗೆ ದಾರಿ ಬಿಡುವ ಜನರೇ ಇರಲಿ.

ನಿನ್ನ ಕೂಡ ಬಸ್ಸು ಹತ್ತುತ್ತಿದ್ದ,
ಅಶ್ವಿನಿ