ಹೆಬ್ಬಂಡೆ ಕೆರೆ ಬತ್ತಿದೆ, ಅಪ್ಪಣೆ ಕೊಡಿ

ಸದಾ ಕ್ಯಾಂಪಿನಲ್ಲಿರುವ ಮಾನ್ಯ ಅರಣ್ಯಾಧಿಕಾರಿಗಳೇ,

ಮಲೆಬೆನ್ನೂರಿನಾಚೆಯ ಗುಡ್ಡಗಾಡಿನಲ್ಲಿ ಹೆಬ್ಬಂಡೆ ಕೆರೆ ಎಂಬುದೊಂದಿದೆ. ಅದರ ಹೂಳಿನಲ್ಲಿ ನನ್ನ ಗೆಳೆಯ ಹಿದಾಯತ್ ಒಂದೂವರೆ ವರ್ಷದಿಂದ ಮಲಗಿದ್ದಾನೆ. ಈ ಬೇಸಗೆಯಲ್ಲಿ ಕೆರೆ ಬತ್ತಿದೆ. ಅವನ ತಾಯಿ ಇಮಾಂಬೀಯವರನ್ನು ಕರೆದುಕೊಂಡು ಹೋಗಿ, ಎರಡು ದಿನ ಅಲ್ಲೇ ತಂಗಿ, ಹುಡುಕಿ, ಸಿಕ್ಕಷ್ಟನ್ನು ತಂದು ಮಣ್ಣು ಕೊಡಲು ಅಪ್ಪಣೆ ಬೇಕೆಂದು ನಿಮಗೆ ನಾಲ್ಕು ಅರ್ಜಿ ಬರೆದೆ. ಮೂರಕ್ಕೆ ಉತ್ತರವಿಲ್ಲ. ನಾಲ್ಕನೆಯದಕ್ಕೆ ಬಂದ ಉತ್ತರ ಇದು: ಬೆಂಕಿಯ ಕಾಲವಾದ್ದರಿಂದ ಕಾಡಿನ ಪ್ರವೇಶ ನಿಷಿದ್ಧ, ಮಳೆ ಬಿದ್ದ ಮೇಲೆ ಮರಳಿ ಅರ್ಜಿ ಸಲ್ಲಿಸತಕ್ಕದ್ದು. ಮಳೆ ಬಿದ್ದ ಮೇಲೆ ಕೆರೆ ತುಂಬುತ್ತದಲ್ಲ ಸ್ವಾಮಿ? ತುಂಬಿದ ಕೆರೆಯಲ್ಲಿ ಹುಡುಕುವ ಶಾಸ್ತ್ರ ಒಮ್ಮೆ ಮುಗಿದಿದೆ. ನಿಮ್ಮ ಇಬ್ಬರು ಗಾರ್ಡುಗಳು ಎರಡು ಬಿದಿರ ಗಳ ಹಿಡಿದು ಮೂರು ದಿನ ನೀರು ಕಲಕಿ, ನಾಲ್ಕನೆಯ ದಿನ ಕೈ ತೊಳೆದುಕೊಂಡು ಹೋದರು. ಹುಡುಕಬೇಕಾದಾಗ ಕಾಡು ಮುಚ್ಚಿರುತ್ತದೆ, ಕಾಡು ತೆರೆದಾಗ ಕೆರೆ ಮುಚ್ಚಿರುತ್ತದೆ. ಈ ಏರ್ಪಾಡನ್ನು ಯಾರು ಕೂತು ಯೋಚಿಸಿದರೋ, ಅವರಿಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಕಚೇರಿಗೆ ಬಂದಾಗಲೆಲ್ಲ ಗುಮಾಸ್ತರದು ಒಂದೇ ಮಾತು: "ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ್ರಿ. ಕೂಡ್ರಿ ಬೇಕಾದ್ರ." ಕೂತಿದ್ದೇನೆ. ನಿಮ್ಮವರ ಕ್ಯಾಂಪು ಎಂಥದ್ದೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಐವತ್ತೇಳರಲ್ಲೋ ಐವತ್ತೆಂಟರಲ್ಲೋ, ನಾವು ಮೂವರು ಗೆಳೆಯರು ತಂಗಿದ್ದಾಗ, ಇದೇ ಕೆರೆಯ ದಡಕ್ಕೆ ನಿಮಗಿಂತ ಹಿಂದಿನವರೊಬ್ಬರು ಬಂದಿಳಿದಿದ್ದರು. ಎರಡು ಡೇರೆ, ಮಡಚುವ ಮಂಚ, ಸೊಳ್ಳೆಪರದೆ, ಅಡುಗೆಯವನು, ಬುಟ್ಟಿ ತುಂಬ ಕೋಳಿ, ಮೇಲೊಂದು ಗ್ರಾಮಫೋನು. ಬೆಳಗ್ಗೆ ಜವಾನನ ಕೈಲಿ ಹೇಳಿಕಳಿಸಿದರು, ನಮ್ಮ ಒಲೆಯ ಹೊಗೆ ಅವರ ಮೂಗಿಗೆ ಆಗುವುದಿಲ್ಲ, ಆಚೆ ಹೋಗಬೇಕೆಂದು. ನಾವು ಗಂಟುಮೂಟೆ ಕಟ್ಟಿಕೊಂಡು ಆಚೆ ದಡಕ್ಕೆ ಹೋದೆವು. ಅದು ಏಪ್ರಿಲ್ ತಿಂಗಳು. ಬೆಂಕಿಯ ಕಾಲ ಆ ವರ್ಷ ರಜೆಯ ಮೇಲೆ ಇತ್ತೆಂದು ಕಾಣುತ್ತದೆ.

ಪೇಟೆಯ ಮೂವರಿಗೆ ಆ ಕಾಡುಕೆರೆಯಲ್ಲಿ ಏನು ಕೆಲಸವಿತ್ತು ಎಂದು ನಿಮ್ಮ ಕಚೇರಿಯಲ್ಲಿ ನನ್ನನ್ನು ಕೇಳಲಾಯಿತು. ಕೆಲಸವೇನೂ ಇರಲಿಲ್ಲ, ಅದಕ್ಕೇ ಹೋಗುತ್ತಿದ್ದೆವು. ನಾನು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೂಲಿನ ಯಂತ್ರದ ಮುಂದೆ ನಿಲ್ಲುವವನು. ವಾಮದೇವಪ್ಪನಿಗೆ ಹರಿಹರದಲ್ಲಿ ಬಟ್ಟೆಯಂಗಡಿ. ಹಿದಾಯತ್ ಹತ್ತಿ ಹಿಂಜಿ ಗಾದಿ ಹೊಲಿಯುವವನು, ಹತ್ತಿ ಹಿಂಜುವ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ನಿಟ್ಟುವಳ್ಳಿಯಿಂದ ಹಳೇಪೇಟೆಯವರೆಗೆ ಕೂಗುತ್ತ ಹೋಗುವವನು. ವರ್ಷವಿಡೀ ಹತ್ತಿಯ ದೂಳು ಕುಡಿದು ಅವನಿಗೊಂದು ಕೆಮ್ಮು ಅಂಟಿತ್ತು. ಆ ಕೆರೆಯ ದಡದಲ್ಲಿ ಎರಡನೆಯ ದಿನಕ್ಕೆ ಅದು ನಿಲ್ಲುತ್ತಿತ್ತು. "ಇಲ್ಲಿ ಉಸಿರಿಗೆ ತೂಕ ಇಲ್ಲ ಉಜ್ಜಣ್ಣ" ಎನ್ನುತ್ತಿದ್ದ. ಐವತ್ತೊಂದರಿಂದ ವರ್ಷಕ್ಕೆರಡು ಸಲ ತಪ್ಪದೆ ಹೋದೆವು. ಮಲೆಬೆನ್ನೂರಿನಲ್ಲಿ ಬಸ್ಸಿಳಿದು, ಸಿಕ್ಕಿದ ಗಾಡಿಯಲ್ಲಿ ಕಾಡಂಚಿನ ಹಳ್ಳಿಯವರೆಗೆ ಹೋಗಿ, ಅಲ್ಲಿಂದ ಏಳು ಮೈಲಿ ನಡೆಯಬೇಕು. ನಮ್ಮ ಬಳಿ ಡೇರೆಯಿರಲಿಲ್ಲ. ಒಂದು ತಾಡಪಾಲು, ಮೂರು ಕಂಬಳಿ, ಒಂದು ಲಾಟೀನು, ಒಂದು ಕೊಡ, ಮೊದಲ ದಿನಕ್ಕೆ ಕಟ್ಟಿಕೊಂಡ ರೊಟ್ಟಿ, ಆಮೇಲಿಗೆ ಜೋಳದ ಹಿಟ್ಟು, ಮಂಡಕ್ಕಿ, ಶೇಂಗಾ ಚಟ್ನಿಪುಡಿ. ಮೂರು ಕಲ್ಲು ಹೂಡಿದರೆ ಒಲೆ, ಒಣಗಿದೆಲೆ ಹರವಿದರೆ ಹಾಸಿಗೆ. ಊರಿಗೆಲ್ಲ ಗಾದಿ ಹೊಲಿದುಕೊಡುವವನು ಎಲೆಯ ಮೇಲೆ ಮಲಗಿ ಎಷ್ಟು ಗಾಢವಾಗಿ ನಿದ್ದೆ ಮಾಡುತ್ತಿದ್ದನೆಂದರೆ, ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಕೆರೆಯ ಹಿಂದೆ ಒಂದು ಪಾಳೂರಿದೆ. ಹಿಂದಿನ ಪ್ಲೇಗಿನಲ್ಲಿ ಬರಿದಾದದ್ದು. ಗೋಡೆಗಳ ಬುಡ, ಒಂದು ಒರಳು, ಎರಡು ಹೊಸ್ತಿಲು, ಅಷ್ಟೇ ಉಳಿದಿವೆ. ಕಂದಾಯದ ಕಾಗದದಲ್ಲಿ ಇಂಥ ಊರನ್ನು ಬೇಚರಾಕ್ ಎಂದು ಬರೆಯುತ್ತಾರೆ. ಹಿದಾಯತ್ ಅದನ್ನು ಕೇಳಿ, "ಚಿರಾಗ್ ಇಲ್ಲದ್ದು, ಅಂದ್ರ ದೀಪ ಇಲ್ಲದ ಊರು. ನಾವು ಬಂದಾಗಾದ್ರೂ ಒಂದು ಹಚ್ಚಾಣ" ಎಂದು ಪ್ರತಿ ಸಲವೂ ಮೊದಲ ಸಂಜೆ ಲಾಟೀನನ್ನು ಅಲ್ಲಿನ ಒಂದು ಹೊಸ್ತಿಲ ಮೇಲೆ ಸ್ವಲ್ಪ ಹೊತ್ತು ಇಟ್ಟು ಬರುತ್ತಿದ್ದ. ಯಾರ ಮನೆಯ ಹೊಸ್ತಿಲೋ ಏನೋ, ಅವನಿಗೆ ಅದು ಬೇಕಿರಲಿಲ್ಲ.

ಇನ್ನು ನಾನು ಹೇಳಲೇಬೇಕಾದ್ದು. ಇದನ್ನು ಪೊಲೀಸರಿಗೆ ಹೇಳಿಲ್ಲ, ನಿಮ್ಮ ಗಾರ್ಡುಗಳಿಗೂ ಹೇಳಿಲ್ಲ. ಕಾಡಂಚಿನ ಹಳ್ಳಿಯಲ್ಲಿ ಮೇಕೆ ಕಾಯುವ ಕಾಳವ್ವ ಎಂಬ ಹೆಂಗಸಿದ್ದಾಳೆ. ನಾವು ಹೋಗುವಾಗ ಅವಳ ಮನೆಯಲ್ಲಿ ಹಾಲು ಕುಡಿದು ಹೋಗುವುದು ವಾಡಿಕೆ. ಮೊದಲ ವರ್ಷವೇ ಅವಳು ನಮಗೊಂದು ಎಚ್ಚರಿಕೆ ಕೊಟ್ಟಿದ್ದಳು. "ಹೊತ್ತು ಮುಳುಗಿದ ಮ್ಯಾಲೆ ಆ ಕೆರಿ ಕಡಿಯಿಂದ ಯಾರಾದ್ರೂ ಹೆಸರು ಹಿಡಿದು ಕರೆದ್ರ ಓ ಅನಬ್ಯಾಡ್ರಿ. ಎರಡು ಸಲ ಕರೆದ್ರೂ ಅನಬ್ಯಾಡ್ರಿ. ಸತ್ತೋರಿಗೆ ಮೂರನೇ ಸಲ ಕರ್ಯಾಕ ಬರಲ್ಲ. ಮೂರನೇದು ಬಂತಂದ್ರ ಮನುಷ್ಯಂದೇ, ಆಗ ಹೋಗ್ರಿ." ನಾವು ನಕ್ಕೆವು. ನಕ್ಕು, ಅದನ್ನೇ ನಮ್ಮ ಕಟ್ಟಳೆ ಮಾಡಿಕೊಂಡೆವು. ಕಟ್ಟಿಗೆಗೆ ಹೋದವನು, ನೀರಿಗೆ ಹೋದವನು ಮೂರು ಸಲ ಕರೆಯಬೇಕು, ಆಗಲೇ ಉಳಿದವರು ಓಗೊಡಬೇಕು. ಹಿದಾಯತನಿಗೆ ಇದರಲ್ಲಿ ಎಲ್ಲಿಲ್ಲದ ಖುಷಿ. ಮರದ ಹಿಂದೆ ನಿಂತು ಎರಡು ಸಲ ಕೂಗಿ ಸುಮ್ಮನಾಗಿಬಿಡುತ್ತಿದ್ದ. ನಾವು ಕಿವಿ ನಿಮಿರಿಸಿಕೊಂಡು ಕೂತಿರುವುದನ್ನು ನೋಡಿ ನೋಡಿ, ನಗು ತಡೆಯಲಾರದೆ ಹೊರಗೆ ಬರುತ್ತಿದ್ದ.

ಅರವತ್ತೊಂದರ ಡಿಸೆಂಬರಿನಲ್ಲಿ, ನಾವು ಹೋದ ಎರಡನೆಯ ಸಂಜೆ. ಆ ವರ್ಷ ಮಳೆ ಜೋರಾಗಿ ತೂಬಿನ ಕಲ್ಲು ಮುಳುಗುವಷ್ಟು ನೀರು ನಿಂತಿತ್ತು. ಹೊತ್ತು ಮುಳುಗಿತ್ತು, ಇನ್ನೂ ಮುಖ ಕಾಣುವಷ್ಟು ಬೆಳಕಿತ್ತು. ಹಿದಾಯತ್ ಕೊಡ ಹಿಡಿದು ಹೊರಟ. ವಾಮದೇವಪ್ಪ ಈರುಳ್ಳಿ ಹೆಚ್ಚುತ್ತಿದ್ದ. ನಾನು ಹಂಚಿನ ಮೇಲೆ ರೊಟ್ಟಿ ಹಾಕಿದ್ದೆ. "ಉಜ್ಜಣ್ಣಾ" ಎಂಬ ಕೂಗು ಬಂತು. "ಶುರು ಆತು ನೋಡು ಇವಂದು" ಎಂದು ವಾಮದೇವಪ್ಪ ನಕ್ಕ. ಇನ್ನೊಂದು ಕೂಗು ಬಂತು. ಅದು ಸಣ್ಣಗಿತ್ತು, ನನ್ನ ಹೆಸರು ಪೂರ್ತಿ ಇರಲಿಲ್ಲ. ನಮ್ಮ ಒಲೆಗೂ ನೀರಿಗೂ ನಡುವೆ ನಲವತ್ತು ಹೆಜ್ಜೆ. ರೊಟ್ಟಿಯ ಒಂದು ಮಗ್ಗಲು ಬೆಂದಿತು, ತಿರುವಿ ಹಾಕಿದೆ. ಇನ್ನೊಂದು ಮಗ್ಗಲೂ ಬೆಂದಿತು. ಮೂರನೆಯ ಕೂಗು ಬರಲಿಲ್ಲ.

ವಾಮದೇವಪ್ಪ ತಮಾಷೆಯೆಂದು ಸುಮ್ಮನಿದ್ದ. ನಾನು ಹೆದರಿ ಸುಮ್ಮನಿದ್ದೆ. ಕಾರ್ಮಿಕರ ವಾಚನಾಲಯದಲ್ಲಿ ದೆವ್ವ ಭೂತ ಎಲ್ಲ ಬೊಗಳೆಯೆಂದು ಎರಡು ಸಲ ಭಾಷಣ ಮಾಡಿ ಚಪ್ಪಾಳೆ ತಟ್ಟಿಸಿಕೊಂಡವನು ನಾನು. ಆ ಎರಡನೆಯ ಕೂಗು ಕೇಳಿದ್ದೇ, ಅದು ಹಿದಾಯತನ ದನಿಯಲ್ಲ ಎಂದು ನಂಬಿಬಿಟ್ಟೆ. ಕೊನೆಗೆ ಎದ್ದು ಹೋದಾಗ ಕೊಡ ದಡದಲ್ಲಿ ನೆಟ್ಟಗೆ ನಿಂತಿತ್ತು, ತುಂಬಿತ್ತು. ಪಕ್ಕದಲ್ಲಿ ಒಂದು ಚಪ್ಪಲಿ. ಇನ್ನೊಂದು ತೂಬಿನ ಕಡೆಯ ಕೆಸರುನೀರಿನಲ್ಲಿ ತೇಲುತ್ತಿತ್ತು. ಅವನಿಗೆ ಈಜು ಬರುತ್ತಿರಲಿಲ್ಲ, ನಮಗೂ ಬರುತ್ತಿರಲಿಲ್ಲ. ಕಾಲು ತೊಳೆಯಲು ಇಳಿದು ಹೂಳಿನಲ್ಲಿ ಸಿಕ್ಕಿಕೊಂಡಿರಬೇಕು. ಆಮೇಲೆ ಲಾಟೀನು ಹಿಡಿದು ನಾವು ಎಷ್ಟು ಸಲ ಅವನ ಹೆಸರು ಕೂಗಿದೆವೋ ನೆನಪಿಲ್ಲ.

ಇದರಲ್ಲಿ ನಿಮ್ಮ ತಪ್ಪೇನಿದೆ ಎಂದು ನೀವು ಕೇಳಬಹುದು. ಅವನು ಸತ್ತದ್ದರಲ್ಲಿ ಇಲ್ಲ, ಅದು ನನ್ನ ತಪ್ಪು. ಆದರೆ ಆಮೇಲಿನದು ನಿಮ್ಮದು. ಆ ದಿನಗಳಲ್ಲಿ ಯಾರೂ ಕಾಡಿನೊಳಗೆ ಹೋದ ಬಗ್ಗೆ ದಾಖಲೆ ಇಲ್ಲ, ಆದ್ದರಿಂದ ಯಾರೂ ಕಾಣೆಯಾದ ಬಗ್ಗೆಯೂ ಇಲ್ಲ ಎಂದು, ನಿಮ್ಮದೇ ಗಾರ್ಡುಗಳು ನೀರು ಕಲಕಿ ಹೋದ ಮೇಲೂ, ನಿಮ್ಮ ಕಚೇರಿ ಬರೆದುಕೊಟ್ಟಿತು. ಪೊಲೀಸರು "ಅದು ಕಾಡಿನೋರ ಹದ್ದಿಗೆ ಸೇರಿದ್ದು" ಎಂದರು. ದೇಹ ಸಿಗದೆ ಮರಣಪತ್ರ ಕೊಡುವುದಿಲ್ಲವೆಂದು ತಾಲ್ಲೂಕು ಕಚೇರಿ ಹೇಳಿತು. ಹಾಗಾದರೆ ಅವನು ಎಲ್ಲಿದ್ದಾನೆ? ಕಾಡಿಗೆ ಹೋಗಿಲ್ಲ, ಸತ್ತಿಲ್ಲ, ಮನೆಗೂ ಬಂದಿಲ್ಲ. ಬದುಕಿರುವವರನ್ನೂ ಸತ್ತವರನ್ನೂ ಬಿಟ್ಟು ಮೂರನೆಯದೊಂದು ಜಾತಿಯನ್ನು ಸೃಷ್ಟಿ ಮಾಡಿದ್ದೀರಿ. ಕಾಳವ್ವನ ಕಲ್ಪನೆಗೂ ಅದು ನಿಲುಕಿರಲಿಲ್ಲ.

ಈ ಮೂರನೆಯ ಜಾತಿಯವನ ಜೊತೆ ನಾವು ಹೇಗೆ ಬದುಕುತ್ತಿದ್ದೇವೆಂದು ತಿಳಿದುಕೊಳ್ಳಿ. ವಾಮದೇವಪ್ಪ ಅಂಗಡಿಯಲ್ಲಿ ಕೂತಿರುವಾಗ ಬೀದಿಯಲ್ಲಿ ಯಾರು ಯಾರನ್ನು ಕರೆದರೂ "ಓ" ಎಂದು ಎದ್ದು ನಿಲ್ಲುತ್ತಾನೆ. ಗಿರಾಕಿಗಳು ನಗುತ್ತಾರೆ. ನಾನು ಬೇಡಿಕೊಂಡು ಎರಡನೆಯ ಪಾಳಿ ಹಾಕಿಸಿಕೊಂಡಿದ್ದೇನೆ. ಹೊತ್ತು ಮುಳುಗುವಾಗ ಯಂತ್ರಗಳ ಸದ್ದಿನಲ್ಲಿ ಇರಬೇಕು, ಅಷ್ಟೇ. ವಾರದ ರಜೆಯ ದಿನ ಸಂಜೆ ಸದ್ದಿಗಾಗಿ ರೈಲು ನಿಲ್ದಾಣಕ್ಕೆ ಹೋಗಿ ನಿಲ್ಲುತ್ತೇನೆ. ಇಮಾಂಬೀಯವರ ಮನೆಯಲ್ಲಿ ಅವನ ಬಿಲ್ಲು ಗೋಡೆಗೆ ತೂಗುಹಾಕಿದೆ. ಕಿಟಕಿಯ ಗಾಳಿ ಬಡಿದಾಗ ಅದರ ತಂತಿ ಸಣ್ಣಗೆ ಗುಂಯ್ ಎನ್ನುತ್ತದೆ. ಆಕೆ ಕಿಟಕಿ ಮುಚ್ಚುವುದಿಲ್ಲ, ಬಾಗಿಲಿಗೆ ಅಗುಳಿ ಹಾಕುವುದೂ ಇಲ್ಲ. "ಅವ್ನು ಯಾರನ್ನೂ ಕರೀಲೇ ಇಲ್ವಾ ಬೇಟಾ?" ಎಂದು ಮೊದಲ ದಿನವೇ ಕೇಳಿದ್ದರು. ಇಲ್ಲಮ್ಮ, ಸದ್ದೇ ಬರಲಿಲ್ಲ, ಗೊತ್ತಾಗುವುದರೊಳಗೆ ಮುಗಿದಿತ್ತು ಎಂದು ಸುಳ್ಳು ಹೇಳಿದೆ. ತಾಯಿಗೆ ಸಮಾಧಾನವಾಗಲಿ ಎಂದು ಹೇಳಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೇಳಿದ್ದು ನನ್ನ ಸಮಾಧಾನಕ್ಕೆ.

ಹೋದ ಬೇಸಗೆಯಲ್ಲಿ ಕೆರೆಯಲ್ಲಿ ಎದೆಮಟ್ಟ ನೀರು ಉಳಿದಿತ್ತು. ಈ ಸಲ ಮಳೆ ಕೈಕೊಟ್ಟಿತು. ಮಾರ್ಚಿನಲ್ಲಿ ಕಾಳವ್ವ ಮಲೆಬೆನ್ನೂರು ಸಂತೆಗೆ ಬಂದವರ ಕೈಲಿ ಹೇಳಿಕಳಿಸಿದಳು, ನೀರು ತೂಬಿನ ಗುಂಡಿಗೆ ಇಳಿದಿದೆ ಎಂದು. ಅದರ ಮೇಲೆ ಮೂರು ಅರ್ಜಿ ಬರೆದೆ. ಏಪ್ರಿಲ್ ಕೊನೆಗೆ ಅವಳೇ ಖುದ್ದಾಗಿ ದಾವಣಗೆರೆಗೆ ಬಂದಳು. ಬಸ್ಸು ಹತ್ತಿದ್ದು ಅದೇ ಮೊದಲಂತೆ. ಗಿರಣಿಯ ಬಾಗಿಲಲ್ಲಿ ನಿಂತು ಹೇಳಿದಳು: "ಗುಂಡ್ಯಾಗಿನ ನೀರೂ ಹೋತು. ಕೆಸರು ಬಿರುಕು ಬಿಟ್ಟೈತೆ. ತೂಬಿನ ಕಲ್ಲಿನ ಮಗ್ಗಲಾಗ ಬಟ್ಟಿ ತುದಿ ಕಾಣತೈತ್ರಿ, ಚೌಕಡಿ ಚೌಕಡಿ ಇರೋದು. ನಾನು ಮುಟ್ಟಿಲ್ಲ. ಮುಟ್ಟೋ ಹಕ್ಕು ಅವರವ್ವಂದು." ಅವನು ಅಂದು ಉಟ್ಟಿದ್ದದ್ದು ಚೌಕಳಿಯ ಲುಂಗಿ. ನಾಲ್ಕನೆಯ ಅರ್ಜಿಯಲ್ಲಿ ಇದೆಲ್ಲವನ್ನೂ ಬರೆದಿದ್ದೆ. ಅದಕ್ಕೆ ಬಂದದ್ದೇ ಆ ಬೆಂಕಿಯ ಕಾಲದ ಉತ್ತರ. ಅದನ್ನು ಬರೆದವರು ನನ್ನ ಅರ್ಜಿಯನ್ನು ಓದಿದ್ದರೇ? ಓದಿಯೂ ಬರೆದಿದ್ದರೆ, ಅಂದು ಊಟ ಸೇರಿತೇ?

ಎಲ್ಲರೂ ಓದಲೆಂದು ಪತ್ರಿಕೆಗೂ ಕೊಡುತ್ತಿರುವ ಈ ಪತ್ರ ಅಚ್ಚಾಗುವ ಮೊದಲು ಇಮಾಂಬೀಯವರಿಗೆ ನಿಜ ಹೇಳಬೇಕಿತ್ತು. ಬೇರೆ ಯಾರೋ ಓದಿ ಹೇಳಿ ಅವರಿಗೆ ತಿಳಿಯಬಾರದಿತ್ತು. ಕಳೆದ ಶುಕ್ರವಾರ ಬೆಳಗ್ಗೆ ಹೋದೆ. ಆಕೆ ದಿಂಬಿಗೆ ಹತ್ತಿ ತುಂಬುತ್ತ ಕೂತಿದ್ದರು. ಮಗ ಹೋದ ಮೇಲೆ ದಿಂಬಿನ ಕೆಲಸ ಆಕೆಯದೇ. ಎರಡು ಸಲ ಕರೆದ, ನಾನು ಹೋಗಲಿಲ್ಲ ಎಂದೆ. ಯಾಕೆ ಹೋಗಲಿಲ್ಲ ಎಂಬುದನ್ನೂ ಹೇಳಿದೆ. ನಾನು ಮುಗಿಸುವವರೆಗೆ ಆಕೆ ಕೈ ನಿಲ್ಲಿಸಲಿಲ್ಲ. ದಿಂಬಿನ ಬಾಯಿ ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದು, ಆಮೇಲೆ ನನ್ನನ್ನು ನೋಡಿದರು.

"ನಿನ್ನ ಮ್ಯಾಲೆ ಸಿಟ್ಟಿಲ್ಲ ಅಂತ ಹೇಳಲ್ಲ ಉಜ್ಜಪ್ಪ. ಐತೆ. ನಾನು ಸಾಯೋ ಮಟ ಇರತೈತೆ. ಆದ್ರ ಅಲ್ಲಿಗೆ ನನ್ನ ಕರಕೊಂಡು ಹೋಗಾಕ ನಿನ್ನ ಬಿಟ್ರ ಯಾರದಾರ? ಯಾವತ್ತು ಹೊರಡಾಣ, ಅದು ಹೇಳು."

ಜೂನ್ ಒಂದನೆಯ ತಾರೀಖು ಶನಿವಾರ ಎಂದು ಹೇಳಿ ಬಂದಿದ್ದೇನೆ. ಅದಕ್ಕಿಂತ ತಡ ಮಾಡಿದರೆ ಮಳೆ ಬರುತ್ತದೆ. ಅಷ್ಟರೊಳಗೆ ಅಪ್ಪಣೆಯ ಕಾಗದವನ್ನು ನಿಟ್ಟುವಳ್ಳಿಯ ವಿಳಾಸಕ್ಕೆ ಕಳಿಸಿ. ಬೆಂಕಿಯ ಚಿಂತೆ ನಿಮಗೆ ಬೇಡ, ಈ ಸಲ ನಾವು ಒಲೆ ಹೂಡುವುದಿಲ್ಲ, ಒಣ ಮಂಡಕ್ಕಿ ತಿಂದು ಎರಡು ದಿನ ಕಳೆಯುತ್ತೇವೆ. ಕಾಗದ ಬರದಿದ್ದರೂ ಹೋಗುತ್ತೇವೆ. ಅರವತ್ತೆಂಟು ವರ್ಷದ ಹೆಂಗಸು ಏಳು ಮೈಲಿ ಹೇಗೆ ನಡೆಯುತ್ತಾರೆಂದು ನನಗೆ ಗೊತ್ತಿಲ್ಲ, ನಡೆಯಲಾಗದಿದ್ದರೆ ಹೊತ್ತುಕೊಂಡು ಹೋಗುತ್ತೇನೆ. ವಾಮದೇವಪ್ಪ ಆಕೆಗೆ ಅಂಗಡಿಯಿಂದ ಬಿಳಿ ಬಟ್ಟೆ ಹರಿದುಕೊಟ್ಟಿದ್ದಾನೆ. ಇಷ್ಟು ದಿನದ ಮೇಲೆ ಏನು ಉಳಿದಿರುತ್ತದೆ, ಎರಡು ಗಜ ಸಾಕಲ್ಲವೇ ಎಂದು ಅವನು ಮೆಲ್ಲಗೆ ಕೇಳಿದ್ದಕ್ಕೆ, ಪೂರ್ತಿ ಆಳಿಗೆ ಆಗುವಷ್ಟು ಕೊಡು ಎಂದರಂತೆ. ನಮ್ಮನ್ನು ತಡೆಯುವುದೇ ಆದರೆ ಗಾರ್ಡನ್ನು ಕಳಿಸಬೇಡಿ, ತಾವೇ ಕ್ಯಾಂಪು ಹಾಕಿಕೊಂಡು ಬನ್ನಿ. ಆಕೆ ಆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೆಸರಿನ ಹೆಂಟೆಗಳನ್ನು ಒಂದೊಂದಾಗಿ ಎತ್ತುತ್ತಿರುವಾಗ, ಎದುರಿಗೆ ನಿಂತು, ಪ್ರವೇಶ ನಿಷಿದ್ಧ ಎಂದು ನೀವೇ ಬಾಯಿಬಿಟ್ಟು ಹೇಳಿ.

ಇಂತಿ,
ಬಹಳ ತಡವಾಗಿ ಎದ್ದು ಹೊರಟವನು,
ಉಜ್ಜನಪ್ಪ
ನಿಟ್ಟುವಳ್ಳಿ, ದಾವಣಗೆರೆ
೨೨ ಮೇ ೧೯೬೩