ಬಡಿಸುವವಳ ವೇಳೆ

ಕ್ರಿ.ಶ. 2318, ಹದಿನಾಲ್ಕನೆಯ ತಿಂಗಳು, ನಲವತ್ತೊಂದನೆಯ ದಿನ

ತತ್ವಶಾಸ್ತ್ರ ವಿಭಾಗದ ಡಾ. ವಿಮಲಾಕ್ಷಿ ಹಾದಿಮನಿಯವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಬೇಸಿಗೆ ಉದ್ದವಾದ ಮೇಲೆ ವರ್ಷವನ್ನೂ ಉದ್ದ ಮಾಡಿದರು. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ; ಈ ಕನ್ನಡ ನಿಮ್ಮ ಬರಹ ಓದಿಯೇ ಕಲಿತದ್ದು, ಅರ್ಧ ತಪ್ಪು ನಿಮ್ಮದೂ ಹೌದು.

ನಾನು ತೊಳೆಮನೆಯ ಕೆಲಸದವಳು. ಹಳೆಯ ಬರಹಗಳನ್ನು ಕಾಪಿಡುವ ಯಂತ್ರಗಳನ್ನು ತಣ್ಣಗಿಡಲು ಕುಡಿಯುವ ನೀರೇ ಬೇಕು. ಹಾಗಾಗಿ ನೀರು ಉಳಿಸಲು ಒಡೆಯರಿಲ್ಲದ, ಯಾರೂ ತಮ್ಮದೆನ್ನದ ವಿಚಾರಗಳನ್ನು ಅಳಿಸುತ್ತೇವೆ. ಅದಕ್ಕೆ ತೊಳೆಯುವುದು ಎನ್ನುತ್ತೇವೆ. ತೊಳೆಯುವ ಮೊದಲು ಒಬ್ಬ ಮನುಷ್ಯ ಒಮ್ಮೆ ಓದಲೇಬೇಕು. ಬೂದು ಏಪ್ರನ್ ಕಟ್ಟಿಕೊಂಡು ದಿನಕ್ಕೆ ಎಂಟು ತಾಸು ಓದುತ್ತೇನೆ, ಮಧ್ಯಾಹ್ನ ಒಂದು ಲೋಟ ನೀರು ಕೊಡುತ್ತಾರೆ. ಈಗ ನನ್ನ ಬೆಂಚಿನ ಮೇಲಿರುವುದು ನಿಮ್ಮ ಮೂವತ್ತೊಂದು ವರ್ಷದ ಕೆಲಸ: ಯೂರೋಪಿನ ಚಿಂತಕರ ಮೇಲಿನ ಪ್ರಬಂಧಗಳು, ಸ್ತ್ರೀವಾದದ ಪಾಠಗಳು.

ಅದರಲ್ಲಿ ಒಂದು ಮಾತಿದೆ; ಇಡೀ ಕಟ್ಟು ಇಲ್ಲಿಗೆ ಬಂದದ್ದೇ ಅದಕ್ಕೆ ಒಡೆಯರಿಲ್ಲವೆಂದು. "ಬಡಿಸುವವಳ ಹಸಿವಿಗೆ ತನ್ನದೇ ವೇಳೆಯಿಲ್ಲ, ಎಲ್ಲರ ಊಟ ಮುಗಿದ ಮೇಲೆ ಉಳಿದದ್ದೇ ಅವಳ ವೇಳೆ. ಕಾಲದ ಬಗ್ಗೆ ಬರೆದವರೆಲ್ಲ ಕೂತು ಉಂಡವರು." ಓದಿ ನನಗೆ ಅಳು ಬಂತು. ಅದರ ಕೆಳಗೆ ನೀವು ಒಬ್ಬ ಜರ್ಮನ್ ಚಿಂತಕನ ಹೆಸರು ಹಾಕಿದ್ದೀರಿ. ಅವನು ಬರೆದದ್ದೆಲ್ಲ ಜಾಲಾಡಿದೆ, ಎಲ್ಲೂ ಇಲ್ಲ. ನಿಮ್ಮ ಡೈರಿಯಲ್ಲಿ ಸಿಕ್ಕಿತು: ನಿಮ್ಮ ಅವ್ವ ಬಡಿಸುತ್ತ ನಿಂತೇ ಇದ್ದ ಒಂದು ಊಟದ ಹೊತ್ತಿನಲ್ಲಿ ನಿಮಗೆ ಹೊಳೆದದ್ದು, ಸ್ವಂತದ್ದೆಂದರೆ ನಗುತ್ತಾರೆಂದು ಅವನ ಬಾಯಿಗೆ ಹಾಕಿದ್ದು, ಸೆಮಿನಾರಿನಲ್ಲಿ ಎಲ್ಲರೂ ತಲೆದೂಗಿ ಬರೆದುಕೊಂಡದ್ದು. ಅಲ್ಲ ಮೇಡಂ, ಹೆಣ್ಣಿನ ಮಾತಿಗೆ ಹಕ್ಕಿದೆಯೆಂದು ಜನ್ಮವಿಡೀ ಪಾಠ ಹೇಳಿದವರು ನೀವೇ ತಾನೆ? ನನಗೆ ನಿಜಕ್ಕೂ ಸಿಟ್ಟು ಬಂದಿದೆ.

ಡೈರಿ ತೋರಿಸಿ ಮೇಲಿನವರನ್ನು ಬೇಡಿಕೊಂಡೆ. ಅವರು ಓದಲೂ ಇಲ್ಲ. "ಡೈರಿಯಲ್ಲಿದ್ದದ್ದು ಲೆಕ್ಕಕ್ಕಿಲ್ಲ. ಅವನದಲ್ಲ, ಇವಳೂ ಎಲ್ಲರೆದುರು ತನ್ನದೆಂದಿಲ್ಲ. ತೊಳೆ," ಎಂದರು.

ನಮಗೆ ಬದುಕಿನಲ್ಲಿ ಒಮ್ಮೆ ಮಾತ್ರ ಹಿಂದಿನ ಕಾಲಕ್ಕೆ ಒಂದು ಹಾಳೆ ಕಳಿಸಲು ಬಿಡುತ್ತಾರೆ. ಎಲ್ಲರೂ ತೀರಿಹೋದ ತಮ್ಮವರಿಗೆ ಬರೆಯುತ್ತಾರೆ. ನನಗೂ ಒಬ್ಬಳು ಅಕ್ಕ ಇದ್ದಳು. ಆದರೂ ನಿಮಗೆ ಬರೆದೆ. ಆ ಸೆಮಿನಾರಿನ ಹಿಂದಿನ ದಿನ ಇದು ನಿಮ್ಮ ಕೈ ಸೇರುತ್ತದೆ. ನಾಳೆ ಎದ್ದು ನಿಂತಾಗ ಅವನ ಹೆಸರು ಹೊಡೆದುಹಾಕಿ, ಇದು ನನ್ನ ಮಾತು ಅನ್ನಿ. ನಗುತ್ತಾರೆ. ಬಡ್ತಿಯೂ ತಪ್ಪಬಹುದು. ಸುಳ್ಳು ಸಮಾಧಾನ ಹೇಳಲಾರೆ.

ನೀವು ಹಾಗೆ ಮಾಡಿದರೆ ಆ ಪುಟ ನನ್ನ ಬೆಂಚಿಗೆ ಬರುವುದೇ ಇಲ್ಲ. ನೀವು ಯಾರೆಂದು ನನಗೆ ಗೊತ್ತೂ ಆಗುವುದಿಲ್ಲ. ಹಾಗೇ ಆಗಲಿ. ಇಷ್ಟು ಬರೆದು ತಲೆಯೆತ್ತಿ ನೋಡಿದೆ. ಪುಟ ಇನ್ನೂ ಇಲ್ಲೇ ಇದೆ.

ಇಲ್ಲಿ ಸಹಿಯ ಬದಲು ನಮ್ಮ ಕೆಲಸದ ನಂಬರು ಹಾಕುವುದು ವಾಡಿಕೆ. ನಾನು ಹೆಸರು ಹಾಕುತ್ತಿದ್ದೇನೆ.

ದ್ಯಾಮವ್ವ